ಕಾಣದ ನೋವು, ಬೆಳೆದ ಮಕ್ಕಳು

ಹೊರನಾಡ ಕನ್ನಡ ಸಂಘವೊಂದರ ತ್ರೈಮಾಸಿಕದಲ್ಲಿ ಸಂಪಾದಕೀಯದ ವಿಷಯ ಏನಿರಬಹುದೆಂಬುದನ್ನು ಓದುಗರು ಪುಟ ತಿರುವುವ ಮುನ್ನವೇ ಊಹಿಸಬಲ್ಲರು. ಮಕ್ಕಳು ಕನ್ನಡ ಓದು ಬರಹ ಕಲಿಯುತ್ತಿಲ್ಲವೆಂಬ ಕೊರಗು, ಕಾವೇರಿಯ ವಿವಾದ ಎದ್ದಾಗಲೆಲ್ಲ ಎರಡೂ ದಡಗಳಿಗೆ ಸಲ್ಲದವರಾಗುವ ನಮ್ಮ ಸಂಕಟ, ಭಾಷಾ ಅಲ್ಪಸಂಖ್ಯಾತರ ಹಕ್ಕುಗಳು, ರಾಜ್ಯೋತ್ಸವದ ಸಂಭ್ರಮ ಇವು ನಮ್ಮ ಕಾಯಂ ವಸ್ತುಗಳು. ಇವುಗಳ ಮಹತ್ವವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಒಂದು ಸಮುದಾಯದ ಸಂಸ್ಕೃತಿಯ ಪರೀಕ್ಷೆ ಸಭಾಂಗಣದಲ್ಲಿ ಮಾತ್ರ ನಡೆಯುವುದಿಲ್ಲ. ಮನೆಯ ಒಳಕೋಣೆಯಲ್ಲಿಯೂ ನಡೆಯುತ್ತದೆ. ಈ ಸಲ ಆ ಒಳಕೋಣೆಯ ಬಾಗಿಲನ್ನು ತಟ್ಟುವುದು ಅಗತ್ಯವೆಂದು ನಮಗೆ ತೋರಿದೆ.

ಚೆನ್ನೈನ ತಿರುವಲ್ಲಿಕ್ಕೇಣಿ, ಮಾಂಬಲಂ, ವಿಲ್ಲಿವಾಕ್ಕಂ, ತಾಂಬರಂಗಳಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಲ್ಲಿ ಹದಿನೆಂಟು ದಾಟಿ ಮೂವತ್ತು ತಲುಪದ ಎಷ್ಟೋ ಮಂದಿ ಮಕ್ಕಳು ಬಿಡದ ನೋವಿನೊಡನೆ ಬದುಕುತ್ತಿದ್ದಾರೆ. ಒಬ್ಬನಿಗೆ ಬೆನ್ನು, ಇನ್ನೊಬ್ಬಳಿಗೆ ಕೀಲುಗಳು, ಮತ್ತೊಬ್ಬಳಿಗೆ ತಿಂಗಳು ತಿಂಗಳೂ ಕಿಬ್ಬೊಟ್ಟೆ, ಮಗದೊಬ್ಬನಿಗೆ ಅರೆತಲೆ. ಅವರ ಕೈಗೆ ಕಟ್ಟಿಲ್ಲ, ಕಾಲಿಗೆ ಪಟ್ಟಿಯಿಲ್ಲ, ಕಂಕುಳಲ್ಲಿ ಊರುಗೋಲಿಲ್ಲ. ನೋಡಿದವರು ‘ಹುಡುಗ ಚೆನ್ನಾಗಿಯೇ ಇದ್ದಾನಲ್ಲ’ ಎಂದು ಹೇಳಿ ಹೋಗುತ್ತಾರೆ. ಹೆತ್ತವರು ಈ ವಿಷಯವನ್ನು ಸಂಘದ ಸಭೆಯಲ್ಲಿ ಎತ್ತುವುದಿಲ್ಲ, ಬಂಧುಗಳೆದುರು ಆಡುವುದಿಲ್ಲ. ಮದುವೆಯ ಮಾತು ಹತ್ತಿರ ಬಂದಂತೆ ಮೌನ ಇನ್ನಷ್ಟು ಗಟ್ಟಿಯಾಗುತ್ತದೆ. ಈ ಮೌನಕ್ಕೆ ಮೂರು ಬೇರುಗಳಿವೆಯೆಂದು ನಾವು ತಿಳಿಯುತ್ತೇವೆ: ಒಂದು ನಮ್ಮ ವಲಸೆಯ ಚರಿತ್ರೆಯಲ್ಲಿ, ಮತ್ತೊಂದು ನಮ್ಮ ಭಾಷೆಯ ಸ್ಥಿತಿಯಲ್ಲಿ, ಮೂರನೆಯದು ದೇಶದ ಕಾನೂನಿನಲ್ಲಿ. ಆದುದರಿಂದಲೇ ಇದನ್ನು ಕೇವಲ ವೈದ್ಯರ ವಿಷಯವೆಂದು ಬಿಟ್ಟುಬಿಡಲಾಗದು.

ಮೊದಲಿಗೆ ನೋವೆಂದರೆ ಏನೆಂಬುದನ್ನು ಸ್ಪಷ್ಟಪಡಿಸಿಕೊಳ್ಳೋಣ. ಬೆಂಕಿ ಮುಟ್ಟಿದಾಗ ಕೈಯನ್ನು ಹಿಂದಕ್ಕೆ ಸೆಳೆಯುವ ನೋವು ದೇಹದ ಕಾವಲುಗಾರ. ಗಾಯ ಮಾಗಿದೊಡನೆ ಅದು ಹೊರಟುಹೋಗುತ್ತದೆ. ಆದರೆ ಮೂರು ತಿಂಗಳಿಗೂ ಮೀರಿ ಉಳಿಯುವ ಅಥವಾ ಮರಮರಳಿ ಬರುವ ನೋವು ಬೇರೆ ಜಾತಿಯದು. ಕೆಲವರಲ್ಲಿ ಅದರ ಹಿಂದೆ ನಿರ್ದಿಷ್ಟ ರೋಗವಿರುತ್ತದೆ. ಇನ್ನು ಕೆಲವರಲ್ಲಿ ಮೂಲ ಪೆಟ್ಟು ವಾಸಿಯಾದ ಮೇಲೂ ನರಮಂಡಲವೇ ಅತಿಸೂಕ್ಷ್ಮವಾಗಿ, ಸಣ್ಣ ಒತ್ತಡವನ್ನೂ ದೊಡ್ಡ ಅಪಾಯವೆಂದು ಸಾರುತ್ತಲೇ ಇರುತ್ತದೆ. ಕಳ್ಳ ಬಂದಾಗ ಕೂಗಬೇಕಾದ ಕಾವಲುಗಾರ ಎಲೆ ಅಲುಗಿದರೂ ಕೂಗತೊಡಗಿದಂತೆ. ಕೂಗು ಸುಳ್ಳಲ್ಲ, ಅದನ್ನು ಕೇಳುವವನ ನಿದ್ದೆಗೇಡೂ ಸುಳ್ಳಲ್ಲ. 1965ರಲ್ಲಿ ರೊನಾಲ್ಡ್ ಮೆಲ್ಝಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ಇಬ್ಬರು ವಿಜ್ಞಾನಿಗಳು ಬೆನ್ನುಹುರಿಯಲ್ಲಿ ನೋವಿನ ಸಂದೇಶಗಳನ್ನು ತಡೆಯುವ ಅಥವಾ ಬಿಡುವ ಒಂದು ‘ಬಾಗಿಲು’ ಇದೆಯೆಂಬ ಸಿದ್ಧಾಂತವನ್ನು ಮುಂದಿಟ್ಟರು. ಆಮೇಲೆ ಅದರ ವಿವರಗಳು ಬಹಳ ತಿದ್ದುಪಡಿಗೊಂಡಿವೆ. ಆದರೂ ಗಾಯದ ಗಾತ್ರಕ್ಕೂ ನೋವಿನ ಗಾತ್ರಕ್ಕೂ ನೇರ ಲೆಕ್ಕವಿಲ್ಲವೆಂಬ ತಿಳಿವಳಿಕೆ ಅಲ್ಲಿಂದ ಬೇರುಬಿಟ್ಟಿತು. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘವು 2020ರಲ್ಲಿ ತನ್ನ ವ್ಯಾಖ್ಯೆಯನ್ನು ಪರಿಷ್ಕರಿಸಿದಾಗ, ಒಬ್ಬ ವ್ಯಕ್ತಿ ನೋವೆಂದು ಹೇಳಿಕೊಂಡುದನ್ನು ಗೌರವಿಸಬೇಕೆಂಬುದನ್ನೂ ಜೊತೆಗೆ ಬರೆದಿಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ರಾಷ್ಟ್ರಗಳು 2019ರಲ್ಲಿ ಒಪ್ಪಿ, 2022ರ ಜನವರಿಯಿಂದ ಜಾರಿಗೆ ಬಂದ ರೋಗಗಳ ಹನ್ನೊಂದನೆಯ ವರ್ಗೀಕರಣದಲ್ಲಿ ದೀರ್ಘಕಾಲದ ನೋವಿಗೆ ತನ್ನದೇ ಆದ ಸ್ಥಾನ ದೊರೆತಿದೆ. ಅಂದರೆ ಜಗತ್ತಿನ ವೈದ್ಯವಿಜ್ಞಾನ ಇಂದು ‘ಅದೆಲ್ಲ ಮನಸ್ಸಿನ ಭ್ರಮೆ’ ಎನ್ನುವ ಮಾತನ್ನು ದಾಟಿ ಬಹುದೂರ ಬಂದಿದೆ. ದಾಟದೆ ಉಳಿದಿರುವುದು ನಮ್ಮ ಮನೆಗಳ ಪಡಸಾಲೆ.

ಈ ವಯಸ್ಸಿನವರನ್ನು ಹಿಡಿಯುವ ಕೆಲವು ರೋಗಗಳನ್ನು ಹೆಸರಿಸುವುದು ಉಪಯುಕ್ತ. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಬೆನ್ನುಮೂಳೆಯ ಉರಿಯೂತ ಬಹುಮಟ್ಟಿಗೆ ಹದಿಹರೆಯದ ಕೊನೆಯಲ್ಲೋ ಇಪ್ಪತ್ತರ ಹರೆಯದಲ್ಲೋ ಆರಂಭವಾಗುತ್ತದೆ. ಇದರ ಲಕ್ಷಣ ವಿಚಿತ್ರ: ವಿಶ್ರಾಂತಿ ಪಡೆದಷ್ಟೂ ಬೆನ್ನು ಬಿಗಿಯುತ್ತದೆ, ನಡೆದಾಡಿದರೆ ಸಡಿಲವಾಗುತ್ತದೆ. ಬೆಳಗ್ಗೆ ಹಾಸಿಗೆಯಿಂದ ಏಳಲಾರದ ಮಗ ಸಂಜೆ ಗೆಳೆಯರೊಡನೆ ಓಡಾಡುವುದನ್ನು ಕಂಡ ತಂದೆ ಅವನನ್ನು ಸೋಮಾರಿಯೆಂದು ತೀರ್ಮಾನಿಸುತ್ತಾನೆ. ತಂದೆ ಸೋಮಾರಿತನವೆಂದು ತಿಳಿದುದೇ ರೋಗದ ಮುಖ್ಯ ಸುಳಿವು! ಹದಿನಾರರೊಳಗೆ ಕಾಣಿಸಿಕೊಳ್ಳುವ ಮಕ್ಕಳ ಸಂಧಿವಾತ ಎಷ್ಟೋ ಮಂದಿಯಲ್ಲಿ ಪ್ರಾಯಕ್ಕೆ ಬಂದ ಮೇಲೂ ಮುಂದುವರಿಯುತ್ತದೆ. ಹೆಣ್ಣುಮಕ್ಕಳಲ್ಲಿ ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್ ಪತ್ತೆಯಾಗುವುದಕ್ಕೆ ವರ್ಷಗಳೇ ಹಿಡಿಯುತ್ತವೆ. ‘ಎಲ್ಲ ಹೆಂಗಸರಿಗೂ ಇರುವುದೇ, ಮದುವೆಯಾದರೆ ಸರಿಹೋಗುತ್ತದೆ’ ಎಂಬ ಸಮಾಧಾನದ ಮಾತೇ ಆ ವಿಳಂಬದ ದೊಡ್ಡ ಪಾಲು. ಮದುವೆ ಯಾವ ರೋಗಕ್ಕೂ ಔಷಧವಲ್ಲ ಎಂಬುದನ್ನು ನಾವು ನೇರವಾಗಿಯೇ ಹೇಳಬೇಕಾಗಿದೆ.

ಇನ್ನು ನಮ್ಮ ಚರಿತ್ರೆಗೆ ಬರೋಣ. ಈ ನಗರದಲ್ಲಿ ಕನ್ನಡಿಗರ ನೆಲೆ ಕಟ್ಟಿದವರಲ್ಲಿ ಉಡುಪಿ ಹೋಟೆಲಿನವರ ಪಾಲು ಬಹು ದೊಡ್ಡದು. ಕಡಂದಲೆಯ ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ಆರಂಭಿಸಿದ ವುಡ್‌ಲ್ಯಾಂಡ್ಸ್, ಅನಂತರ 1962ರಲ್ಲಿ ತೆರೆದು 2008ರಲ್ಲಿ ಮುಚ್ಚಿದ ಕೆಥೆಡ್ರಲ್ ರಸ್ತೆಯ ಡ್ರೈವ್-ಇನ್, ಸೀತಾರಾಮರಾಯರ ದಾಸಪ್ರಕಾಶ ಇವುಗಳ ಹೆಸರನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಆ ಹೆಮ್ಮೆಯ ಹಿಂದೆ ಕಾವಲಿಯ ಮುಂದೆ ಹದಿನಾಲ್ಕು ಗಂಟೆ ನಿಂತ ಕಾಲುಗಳಿವೆ, ರುಬ್ಬಿ ರುಬ್ಬಿ ಸೋತ ಭುಜಗಳಿವೆ. ಹತ್ತು ಹನ್ನೆರಡರ ವಯಸ್ಸಿನಲ್ಲಿ ಘಟ್ಟದ ಕೆಳಗಿನಿಂದ ಬಂದ ಹುಡುಗರು ನೋಯುತ್ತದೆಯೆಂದು ಯಾರಿಗೆ ಹೇಳಬೇಕಿತ್ತು? ಹೇಳಿದರೆ ಮರುದಿನ ಕೆಲಸವಿಲ್ಲ. ಮುಂದೆ ಪೆರಂಬೂರಿನ ರೈಲು ಡಬ್ಬಿ ಕಾರ್ಖಾನೆಗೆ, ಬ್ಯಾಂಕುಗಳಿಗೆ, ವಿಮಾ ಕಚೇರಿಗಳಿಗೆ ಬಂದವರ ಅವಸ್ಥೆಯೂ ಇದಕ್ಕಿಂತ ತೀರ ಭಿನ್ನವೇನಲ್ಲ. ಪರಊರಿನಲ್ಲಿ ಕಾಯಿಲೆ ಬೀಳುವುದೆಂದರೆ ಸಾಲ ಬೀಳುವುದೆಂದೇ ಅರ್ಥ. ‘ತಾಳಿದವನು ಬಾಳಿಯಾನು’ ಎಂಬ ಗಾದೆ ಅವರಿಗೆ ಬುತ್ತಿಯಾಗಿತ್ತು. ಅದರ ಬಲದಿಂದಲೇ ಅವರು ಮನೆ ಕಟ್ಟಿದರು, ಶಾಲೆ ಕಟ್ಟಿದರು, ಸಂಘ ಕಟ್ಟಿದರು.

ಆದರೆ ಒಂದು ತಲೆಮಾರಿನ ಗುಣ ಮುಂದಿನ ತಲೆಮಾರಿಗೆ ಅಳತೆಗೋಲಾದಾಗ ಅದು ಗುಣವಾಗಿ ಉಳಿಯುವುದಿಲ್ಲ. ‘ನಿನ್ನ ವಯಸ್ಸಿನಲ್ಲಿ ನಾನು ಎರಡು ಮೂಟೆ ಅಕ್ಕಿ ಹೊರುತ್ತಿದ್ದೆ’ ಎನ್ನುವ ಅಜ್ಜನ ಮಾತಿನಲ್ಲಿ ಅಭಿಮಾನವಿದೆ, ಕೇಡಿನ ಉದ್ದೇಶವಿಲ್ಲ. ಕೇಳುವ ಮೊಮ್ಮಗಳಿಗೆ ಮಾತ್ರ ಅದು ‘ನಿನ್ನ ನೋವು ಸುಳ್ಳು’ ಎಂದೇ ಕೇಳಿಸುತ್ತದೆ. ಅಜ್ಜನ ನೋವು ದುಡಿಮೆಯಿಂದ ಬಂದದ್ದು, ಅದಕ್ಕೊಂದು ಕೂಲಿಯೂ ಇತ್ತು, ಊರಿನವರ ಗೌರವವೂ ಇತ್ತು. ಮೊಮ್ಮಗಳ ನೋವು ದುಡಿಯುವುದನ್ನೇ ತಡೆಯುವಂಥದು. ಅದಕ್ಕೆ ಕೂಲಿಯೂ ಇಲ್ಲ, ಗೌರವವೂ ಇಲ್ಲ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ ತೂಗುವುದು ನ್ಯಾಯವಲ್ಲ. ತಾಳ್ಮೆಯೆಂದರೆ ಬಾಯಿ ಮುಚ್ಚಿಕೊಂಡಿರುವುದು ಎಂಬ ಅರ್ಥವನ್ನು ಗಾದೆಗೆ ಹಚ್ಚಿದವರು ನಾವೇ. ದಿನವೂ ನೋವಿನೊಡನೆ ಎದ್ದು, ಕಡಲ ತೀರದಿಂದ ತಾಂಬರಕ್ಕೆ ಹೋಗುವ ನೂಕುನುಗ್ಗಲಿನ ಲೋಕಲ್ ಗಾಡಿಯಲ್ಲಿ ನಿಂತು, ಕಾಲೇಜಿಗೋ ಕಚೇರಿಗೋ ಹೋಗಿಬರುವ ಈ ಮಕ್ಕಳಿಗಿಂತ ಹೆಚ್ಚು ತಾಳಿಕೊಂಡವರು ಯಾರಿದ್ದಾರೆ?

ನಂಬದಿರುವುದು ಹೆತ್ತವರು ಹಿಡಿಯುವ ಒಂದು ದಾರಿಯಾದರೆ, ಅದಕ್ಕೆ ತದ್ವಿರುದ್ಧವಾದ ಇನ್ನೊಂದು ದಾರಿಯಿದೆ. ಅದು ಪ್ರೀತಿಯ ವೇಷದಲ್ಲಿ ಬರುತ್ತದೆ. ಗಂಟೆಗೊಮ್ಮೆ ‘ನೋಯುತ್ತಿದೆಯಾ ಕಂದ?’ ಎಂದು ಕೇಳುವುದು, ಲೋಟ ಎತ್ತಲೂ ಬಿಡದಿರುವುದು, ಇಪ್ಪತ್ತಮೂರು ವಯಸ್ಸಿನ ಮಗಳ ಪರವಾಗಿ ವೈದ್ಯರೆದುರು ತಾನೇ ಮಾತಾಡುವುದು, ಗೆಳತಿಯರ ಮನೆಗೆ ಹೋಗಗೊಡದಿರುವುದು. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಲಿನ್ ವಾಕರ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ನೆನೆಯತಕ್ಕದ್ದು. ಹೊಟ್ಟೆನೋವಿನ ತೊಂದರೆಯಿದ್ದ ಮತ್ತು ಇಲ್ಲದ ಮಕ್ಕಳಿಗೆ ಹೊಟ್ಟೆ ತುಂಬಿ ಬಿರಿಯುವಷ್ಟು ನೀರು ಕುಡಿಸಿ, ಕೆಲವು ಪಾಲಕರಿಗೆ ಮಗುವಿನ ಸಂಕಟಕ್ಕೇ ಗಮನ ಕೊಡುವಂತೆಯೂ ಕೆಲವರಿಗೆ ಬೇರೆ ಮಾತಿನತ್ತ ಮಗುವನ್ನು ಸೆಳೆಯುವಂತೆಯೂ ಹೇಳಲಾಯಿತು. ಉಳಿದವರಿಗೆ ಏನನ್ನೂ ಹೇಳಲಿಲ್ಲ. ಏನೂ ಹೇಳದೆ ಬಿಟ್ಟವರಿಗೆ ಹೋಲಿಸಿದರೆ, ಸಂಕಟಕ್ಕೇ ಗಮನ ಕೊಟ್ಟವರ ಮಕ್ಕಳಲ್ಲಿ ದೂರು ಸುಮಾರು ಎರಡರಷ್ಟಾಯಿತು, ಬೇರೆಡೆಗೆ ಸೆಳೆದವರ ಮಕ್ಕಳಲ್ಲಿ ಅರ್ಧದಷ್ಟಾಯಿತು. ಸ್ವಾರಸ್ಯವಿರುವುದು ಮುಂದಿನ ಸಂಗತಿಯಲ್ಲಿ: ಗಮನವನ್ನು ಬೇರೆಡೆಗೆ ಸೆಳೆದರೆ ಮಗುವಿಗೆ ಕೆಡುಕಾಗಬಹುದೆಂದು ನೋವಿನ ಮಕ್ಕಳ ಪಾಲಕರು ಎಣಿಸಿದ್ದರೆ, ಅದರಿಂದಲೇ ತಮಗೆ ಹಿತವಾಯಿತೆಂದು ಮಕ್ಕಳು ಹೇಳಿದರು. ಅದು ಎಳೆಯ ಮಕ್ಕಳ ಮೇಲೆ ನಡೆದ ಪ್ರಯೋಗ; ಪ್ರಾಯಕ್ಕೆ ಬಂದವರಿಗೆ ಅದನ್ನು ಹಾಗೆಯೇ ಅನ್ವಯಿಸಲಾಗದು. ಆದರೂ ಅದರ ತಿರುಳು ಪಾಲಕರೆಲ್ಲರೂ ಯೋಚಿಸಬೇಕಾದುದು. ನೋವನ್ನು ನಂಬುವುದು ಬೇರೆ, ನೋವನ್ನೇ ಮನೆಯ ಯಜಮಾನನನ್ನಾಗಿ ಮಾಡುವುದು ಬೇರೆ.

ಮಗನಿಗೆ ಹದಿನಾರು ತುಂಬಿದ ಮೇಲೆ ಅವನನ್ನು ಗೆಳೆಯನಂತೆ ಕಾಣಬೇಕೆಂಬ ಹಳೆಯ ಮಾತು ನಮಗೆಲ್ಲ ಗೊತ್ತು. ದೀರ್ಘಕಾಲದ ನೋವಿರುವ ಮಕ್ಕಳ ವಿಷಯದಲ್ಲಿ ಈ ಮಾತನ್ನು ನಡೆಸುವುದು ಕಷ್ಟ, ಆದರೆ ನಡೆಸಲೇಬೇಕಾದದ್ದೂ ಇಲ್ಲಿಯೇ. ಹದಿನೆಂಟು ದಾಟಿದ ಮೇಲೆ ಯಾವ ಚಿಕಿತ್ಸೆ ಬೇಕೆಂದು ನಿರ್ಧರಿಸುವ ಹಕ್ಕು ಮಕ್ಕಳದೇ. ಮಕ್ಕಳ ವೈದ್ಯರಿಂದ ದೊಡ್ಡವರ ವೈದ್ಯರ ಕಡೆಗೆ ಸಾಗುವ ಈ ಹಂತದಲ್ಲಿ ಚಿಕಿತ್ಸೆ ತಪ್ಪಿಹೋಗುವ ಅಪಾಯ ಹೆಚ್ಚು. ಇಲ್ಲಿಯವರೆಗೆ ಔಷಧದ ಹೆಸರು, ತೆಗೆದುಕೊಳ್ಳುವ ವೇಳೆ, ಹಳೆಯ ವರದಿಗಳು ಎಲ್ಲವೂ ತಾಯಿಯ ತಲೆಯಲ್ಲಿದ್ದವು. ಅವನ್ನು ಮಗನ ಕೈಗೆ ಸ್ವಲ್ಪ ಸ್ವಲ್ಪವಾಗಿ ಒಪ್ಪಿಸುವುದೇ ಈಗ ತಾಯಿಯ ಕೆಲಸ. ಮೊದಲು ಔಷಧದ ಚೀಟಿ, ಆಮೇಲೆ ವೈದ್ಯರೊಡನೆ ಮಾತು, ಕೊನೆಗೆ ತಾಯಿ ಹೊರಗಿನ ಬೆಂಚಿನ ಮೇಲೆ ಕುಳಿತಿರುವುದು. ಹೊರಗಿನ ಬೆಂಚಿನ ಮೇಲೆ ಕುಳಿತಿರುವುದೂ ಪಾಲನೆಯೇ. ಬಹುಶಃ ಅದೇ ಎಲ್ಲಕ್ಕಿಂತ ಕಷ್ಟದ ಪಾಲನೆ. ತಂದೆಯರ ಬಗೆಗೂ ಒಂದು ಮಾತು. ನಮ್ಮ ಮನೆಗಳಲ್ಲಿ ಈ ಹೊರೆಯನ್ನು ಹೊತ್ತವಳು ಬಹುಪಾಲು ತಾಯಿಯೊಬ್ಬಳೇ. ಊರಿನಲ್ಲಾಗಿದ್ದರೆ ಅತ್ತಿಗೆ, ಚಿಕ್ಕಮ್ಮ, ಅಜ್ಜಿ ಎಂದು ನಾಲ್ಕು ಕೈಗಳಿರುತ್ತಿದ್ದವು. ಇಲ್ಲಿ ಅವಳಿಗೆ ಒಂದು ಮಧ್ಯಾಹ್ನದ ಬಿಡುವು ಕೊಡುವವರೂ ಇಲ್ಲ. ಔಷಧದ ದುಡ್ಡು ಎಣಿಸಿಕೊಟ್ಟಲ್ಲಿಗೆ ತಂದೆಯ ಕರ್ತವ್ಯ ಮುಗಿಯುವುದಿಲ್ಲ.

ಈಗ ಭಾಷೆಯ ವಿಚಾರ. 1975ರಲ್ಲಿ ಮೆಲ್ಝಾಕ್ ಅವರೇ ಕೆನಡದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ನೋವನ್ನು ಬಣ್ಣಿಸುವ 78 ಪದಗಳನ್ನು 20 ಗುಂಪುಗಳಲ್ಲಿ ಜೋಡಿಸಿ ಒಂದು ಪ್ರಶ್ನಾವಳಿಯನ್ನು ಪ್ರಕಟಿಸಿದರು. ರೋಗಿ ಆಯ್ದುಕೊಳ್ಳುವ ಪದದಿಂದ ನೋವಿನ ಸ್ವರೂಪವನ್ನು ಗುರುತಿಸಬಹುದೆಂಬುದು ಅದರ ಹಿಂದಿನ ವಿಚಾರ. ನಮ್ಮ ಅಜ್ಜಿಯರಿಗೆ ಈ ಪ್ರಶ್ನಾವಳಿಯ ಅಗತ್ಯವಿರಲಿಲ್ಲ. ಕಾಲು ಸೆಳೆಯುತ್ತದೆ, ತಲೆ ಸಿಡಿಯುತ್ತದೆ, ಹೊಟ್ಟೆ ನುಲಿಯುತ್ತದೆ, ಎದೆ ಹಿಂಡುತ್ತದೆ, ಸೊಂಟ ಹಿಡಿಯುತ್ತದೆ, ಬೆನ್ನಿನಲ್ಲಿ ಚಳಕು ಹೊಡೆಯುತ್ತದೆ, ಅಂಗಾಲು ಉರಿಯುತ್ತದೆ, ಕೈ ಜೋಮು ಹಿಡಿಯುತ್ತದೆ, ಮೂಳೆಯೊಳಗೆ ಕೊರೆಯುತ್ತದೆ, ಮೈಕೈ ಮುರಿದಂತಾಗುತ್ತದೆ. ಒಂದೊಂದು ಅಂಗಕ್ಕೆ ಒಂದೊಂದು ಕ್ರಿಯಾಪದ. ಇದು ಅಲಂಕಾರವಲ್ಲ, ತಿಳಿವಳಿಕೆ. ‘ಬೆಳಗ್ಗೆ ಹಿಡಿದಿರುತ್ತದೆ, ಓಡಾಡಿದರೆ ಬಿಡುತ್ತದೆ’ ಎಂಬ ಒಂದು ವಾಕ್ಯ ವೈದ್ಯರನ್ನು ಉರಿಯೂತದ ಕಡೆಗೆ ತಿರುಗಿಸುತ್ತದೆ. ‘ಉರಿಯುತ್ತದೆ, ಜುಮುಗುಡುತ್ತದೆ, ಮಿಂಚು ಹರಿದಂತಾಗುತ್ತದೆ’ ಎಂದರೆ ನರದ ನೋವೋ ಎಂದು ಪರೀಕ್ಷಿಸಲು ದಾರಿಯಾಗುತ್ತದೆ.

ಪದಗಳ ಬೇರುಗಳೂ ಕೆಲವು ಸಂಗತಿಗಳನ್ನು ಹೇಳುತ್ತವೆ. ಕನ್ನಡದ ‘ನೋವು’, ತಮಿಳಿನಲ್ಲಿ ರೋಗವೆಂಬ ಅರ್ಥದ ‘ನೋಯ್’, ತೆಲುಗಿನ ‘ನೊಪ್ಪಿ’ ಇವೆಲ್ಲ ಒಂದೇ ದ್ರಾವಿಡ ಧಾತುವಿನ ಮಕ್ಕಳು. ‘ಬೇನೆ’ ಸಂಸ್ಕೃತದ ‘ವೇದನೆ’ಯ ತದ್ಭವ. ಆ ವೇದನೆಗೆ ಮೂಲ ‘ಅರಿ’ ಎಂಬ ಅರ್ಥದ ಧಾತು. ಕನ್ನಡದಲ್ಲಿ ಬೇನೆಯೆಂದರೆ ನೋವೂ ಹೌದು, ಕಾಯಿಲೆಯೂ ಹೌದು; ನಮ್ಮ ತುಳು ಬಾಂಧವರಿಗೆ ಅದು ನೋವಿನ ಮನೆಮಾತು. ನೋವನ್ನು ಕಾಯಿಲೆಯಿಂದ ಬೇರ್ಪಡಿಸದ ಭಾಷೆ ನಮ್ಮದು. ಕಿಟೆಲ್ ಅವರ 1894ರ ನಿಘಂಟನ್ನು ಮರಿಯಪ್ಪ ಭಟ್ಟರು ಪರಿಷ್ಕರಿಸಿ, ಮದರಾಸು ವಿಶ್ವವಿದ್ಯಾಲಯ ಅದನ್ನು ನಾಲ್ಕು ಸಂಪುಟಗಳಲ್ಲಿ ಹೊರತಂದದ್ದು ಇದೇ ನಗರದಲ್ಲಿ. ಕನ್ನಡ ಪದಗಳ ಅಂಥದೊಂದು ಭಂಡಾರ ಸಿದ್ಧವಾದ ಊರಿನಲ್ಲಿ ನಮ್ಮ ಮಕ್ಕಳ ಬಾಯಲ್ಲಿ ಇಂದು ಉಳಿದಿರುವುದು ‘ಪೇನ್’ ಎಂಬ ಒಂದೇ ಶಬ್ದ. ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ತಮಿಳು, ಮನೆಯಲ್ಲಿ ಅಡುಗೆ ಊಟಗಳಷ್ಟಕ್ಕೆ ಕನ್ನಡ. ಹೀಗೆ ಮೂರು ಭಾಷೆಗಳ ನಡುವೆ ಬೆಳೆದ ಮಗುವಿಗೆ ಮೂರರಲ್ಲಿಯೂ ತನ್ನ ಮೈಯನ್ನು ಹೇಳಿಕೊಳ್ಳುವ ಮಾತು ಸಾಲದು. ಅಮ್ಮನ ಹತ್ತಿರ ‘ಏನೋ ಒಂಥರಾ’ ಎನ್ನುತ್ತದೆ. ಆ ‘ಒಂಥರಾ’ದೊಳಗೆ ಹತ್ತು ಬಗೆಯ ನೋವು ಅಡಗಿರುತ್ತದೆ. ಕನ್ನಡ ತರಗತಿಗಳಲ್ಲಿ ಕಾಗುಣಿತದ ಜೊತೆಗೆ ಮೈಯ ಮಾತುಗಳನ್ನೂ ಕಲಿಸಬೇಕೆಂದು ನಾವು ಹೇಳುವುದು ಭಾವುಕತೆಯಿಂದಲ್ಲ. ತಾಯ್ನುಡಿಯ ಉಪಯೋಗ ಏನೆಂದು ಕೇಳುವ ಮಕ್ಕಳಿಗೆ ಇದಕ್ಕಿಂತ ಗಟ್ಟಿಯಾದ ಉತ್ತರ ನಮ್ಮಲ್ಲಿಲ್ಲ.

ಮೂರನೆಯದು ಕಾನೂನು. 1995ರ ಅಂಗವಿಕಲರ ಕಾಯಿದೆಯಲ್ಲಿ ಏಳು ಬಗೆಯ ಊನಗಳಿಗೆ ಮಾತ್ರ ಸ್ಥಾನವಿತ್ತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ ಅದನ್ನು ಇಪ್ಪತ್ತೊಂದಕ್ಕೆ ಏರಿಸಿತು. 2017ರ ಏಪ್ರಿಲ್‌ನಿಂದ ಅದು ಜಾರಿಯಲ್ಲಿದೆ. ಹಿಮೋಫಿಲಿಯಾ ಅಥವಾ ಕುಸುಮರೋಗ, ಸಿಕಲ್ ಸೆಲ್ ರಕ್ತಹೀನತೆ, ಮಲ್ಟಿಪಲ್ ಸ್ಕ್ಲೀರೋಸಿಸ್ ಈ ಪಟ್ಟಿಗೆ ಸೇರಿದುದು ದೊಡ್ಡ ಮುನ್ನಡೆ; ಇವೆಲ್ಲವೂ ನೋವಿನ ರೋಗಗಳೇ. ಆದರೆ ಬೆನ್ನುಮೂಳೆಯ ಉರಿಯೂತ, ಎಂಡೊಮೆಟ್ರಿಯೋಸಿಸ್, ಅರೆತಲೆನೋವು, ಫೈಬ್ರೊಮಯಾಲ್ಜಿಯ ಇವುಗಳ ಹೆಸರು ಅಲ್ಲಿಲ್ಲ. ಕೀಲು ಸೊಟ್ಟಗಾಗಿ ಚಲನೆ ಕುಂದಿದ ಮೇಲೆ ಪ್ರಮಾಣಪತ್ರ ಸಿಗಬಹುದು; ಸೊಟ್ಟಗಾಗುವ ಮುನ್ನ ವರ್ಷಗಟ್ಟಲೆ ಅನುಭವಿಸಿದ ನೋವಿಗೆ ಅಳತೆಪಟ್ಟಿಯಿಲ್ಲ. ಸರಕಾರಿ ಉದ್ಯೋಗದಲ್ಲಿ ನೂರಕ್ಕೆ 4, ಸರಕಾರಿ ಉನ್ನತ ಶಿಕ್ಷಣದಲ್ಲಿ ನೂರಕ್ಕೆ 5ರ ಮೀಸಲಾತಿ ಶೇಕಡ 40ಕ್ಕೆ ಕಡಿಮೆಯಿಲ್ಲದ ಊನವೆಂದು ಪ್ರಮಾಣೀಕೃತರಾದವರಿಗೆ ಮೀಸಲು.

ಈ ಅಳತೆಗೋಲನ್ನು ಸರ್ವೋಚ್ಚ ನ್ಯಾಯಾಲಯ 2021ರ ಫೆಬ್ರುವರಿ 11ರಂದು ವಿಕಾಶ್ ಕುಮಾರ್ ಮೊಕದ್ದಮೆಯಲ್ಲಿ ಪ್ರಶ್ನಿಸಿತು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಗೆ, ಶೇಕಡ 40 ಮುಟ್ಟಿಲ್ಲವೆಂಬ ಕಾರಣದಿಂದ ನಾಗರಿಕ ಸೇವಾ ಪರೀಕ್ಷೆಯಲ್ಲಿ ಲಿಪಿಕಾರನ ನೆರವನ್ನು ನಿರಾಕರಿಸಲಾಗಿತ್ತು. ಮೀಸಲಾತಿಗೆ ಬೇಕಾದ ಅಳತೆಯನ್ನು ಪರೀಕ್ಷೆಯ ಅನುಕೂಲಗಳಿಗೂ ಹಚ್ಚುವುದು ತಪ್ಪೆಂದು ನ್ಯಾಯಾಲಯ ತೀರ್ಪಿತ್ತಿತು. ಅದರ ಫಲವಾಗಿ 2022ರ ಆಗಸ್ಟ್ 10ರಂದು ಕೇಂದ್ರ ಸರಕಾರ, ಕಾಯಿದೆಯ ಪಟ್ಟಿಯಲ್ಲಿರುವ ಊನ ಶೇಕಡ 40ಕ್ಕಿಂತ ಕಡಿಮೆಯಿದ್ದು ಬರೆಯಲು ತೊಂದರೆಯಿರುವವರಿಗೂ ಲಿಪಿಕಾರ ಮತ್ತು ಹೆಚ್ಚುವರಿ ಸಮಯ ನೀಡುವ ನಿಯಮಗಳನ್ನು ಹೊರಡಿಸಿತು. 2025ರ ಫೆಬ್ರುವರಿಯಲ್ಲಿ ಗುಲ್ಶನ್ ಕುಮಾರ್ ಮೊಕದ್ದಮೆಯಲ್ಲಿ ನ್ಯಾಯಾಲಯ ಇದೇ ನಿಲುವನ್ನು ಮತ್ತೆ ಎತ್ತಿಹಿಡಿದಿದೆ. ಕಾಯಿದೆಯಲ್ಲಿ ‘ಅಂಗವಿಕಲ ವ್ಯಕ್ತಿ’ಯ ವ್ಯಾಖ್ಯೆ ವಿಶಾಲವಾಗಿದೆ: ದೀರ್ಘಕಾಲದ ಊನವೊಂದು ಸಮಾಜದ ಅಡ್ಡಿಗಳೊಡನೆ ಸೇರಿ ಇತರರಂತೆ ಪಾಲ್ಗೊಳ್ಳುವುದನ್ನು ತಡೆದರೆ ಸಾಕು. ಬೆನ್ನುನೋವಿನ ಹುಡುಗನಿಗೆ ತಾಸಿಗೊಮ್ಮೆ ಎದ್ದು ನಿಲ್ಲಲು, ಒರಗುವ ಕುರ್ಚಿಯಲ್ಲಿ ಕೂರಲು ಅವಕಾಶ ಕೊಡಿರೆಂದು ಕೇಳುವುದು ಭಿಕ್ಷೆಯಲ್ಲ ಎಂಬ ಅರಿವನ್ನು ಈ ತೀರ್ಪುಗಳು ಮೂಡಿಸಬೇಕು. ಕಾಲೇಜುಗಳಿಗೆ ಲಿಖಿತ ಅರ್ಜಿ ಕೊಡಿ, ವೈದ್ಯರ ಪತ್ರ ಲಗತ್ತಿಸಿ, ಉತ್ತರವನ್ನೂ ಲಿಖಿತವಾಗಿಯೇ ಕೇಳಿ. ಬಾಯಿಮಾತಿನ ಕರುಣೆ ಅಧ್ಯಾಪಕರು ಬದಲಾದೊಡನೆ ಹೋಗುತ್ತದೆ, ಕಾಗದ ಉಳಿಯುತ್ತದೆ.

ಕೇಂದ್ರ ಸರಕಾರದ ನೌಕರರಾಗಿ ಈ ನಗರಕ್ಕೆ ಬಂದವರು ಇನ್ನೊಂದು ನಿಯಮವನ್ನು ಗಮನಿಸಬೇಕು. ಕೇಂದ್ರ ಸರಕಾರದ ಆರೋಗ್ಯ ಯೋಜನೆಯಲ್ಲಿ ಮಗನಿಗೆ ಸಂಪಾದನೆ ಆರಂಭವಾಗುವವರೆಗೆ ಅಥವಾ 25 ವರ್ಷ ತುಂಬುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಮಾತ್ರ ರಕ್ಷಣೆ. ಶಾಶ್ವತ ಊನವಿದ್ದರೆ ವಯಸ್ಸಿನ ಮಿತಿಯಿಲ್ಲ. ನೋವಿನಿಂದ ದುಡಿಯಲಾರದ, ಆದರೆ ಪ್ರಮಾಣಪತ್ರವೂ ದೊರೆಯದ ಮಗ ಈ ಎರಡರ ನಡುವಿನ ಬಿರುಕಿನಲ್ಲಿ ಬೀಳುತ್ತಾನೆ. ಇಪ್ಪತ್ತೈದನೆಯ ಹುಟ್ಟುಹಬ್ಬ ಅವನ ಪಾಲಿಗೆ ಔಷಧದ ಖರ್ಚು ತಂದೆಯ ಪಿಂಚಣಿಯ ಮೇಲೆ ಬೀಳುವ ದಿನ. ಖಾಸಗಿ ವಿಮೆಯಲ್ಲಿ ಮೊದಲೇ ಇದ್ದ ಕಾಯಿಲೆಗೆ ಕಾಯಿಸಬಹುದಾದ ಗರಿಷ್ಠ ಅವಧಿಯನ್ನು 2024ರಲ್ಲಿ ನಾಲ್ಕು ವರ್ಷದಿಂದ ಮೂರಕ್ಕೆ ಇಳಿಸಲಾಗಿದೆ. ಆದುದರಿಂದ ಪಾಲಕರು ಇಪ್ಪತ್ತೆರಡರಲ್ಲಿಯೇ ಇದರ ಲೆಕ್ಕ ಹಾಕತಕ್ಕದ್ದು.

ಪಟ್ಟಿಗೆ ಸೇರದವರು ಸೇರುವುದು ಹೇಗೆ? ಇದಕ್ಕೆ ಕನ್ನಡನಾಡಿನಲ್ಲಿಯೇ ಮಾದರಿಯಿದೆ. ಕುಸುಮರೋಗದಲ್ಲಿ ಕೀಲುಗಳೊಳಗೆ ರಕ್ತ ಸೋರಿ, ಕ್ರಮೇಣ ಕೀಲೇ ಸವೆದು, ನೋವು ಕಾಯಂ ಆಗುತ್ತದೆ. ಆ ರೋಗವುಳ್ಳವರೇ ಆದ ಅಶೋಕ್ ಬಹಾದುರ್ ವರ್ಮಾ ಅವರು 1983ರಲ್ಲಿ ಅಖಿಲ ಭಾರತ ಮಟ್ಟದ ಹಿಮೋಫಿಲಿಯಾ ಒಕ್ಕೂಟವನ್ನು ಕಟ್ಟಿದರು. ಅದೇ ರೋಗದೊಡನೆ ಬಾಳುತ್ತಲೇ ವೈದ್ಯರಾದ ಡಾ. ಸುರೇಶ್ ಹನಗವಾಡಿಯವರು ದಾವಣಗೆರೆಯಲ್ಲಿ ಕರ್ನಾಟಕದ ಹಿಮೋಫಿಲಿಯಾ ಸೊಸೈಟಿಯನ್ನು ಬೆಳೆಸಿದರು. 1995ರ ಕಾಯಿದೆಯಲ್ಲಿ ಇಲ್ಲದ ರೋಗ 2016ರದರಲ್ಲಿ ಬಂದುದು ಇಂಥವರು ವರ್ಷಗಟ್ಟಲೆ ಎತ್ತಿದ ದನಿಯ ನಂತರ. ಸಿಕಲ್ ಸೆಲ್ ಕಥೆಯೂ ನಮಗೆ ದೂರದ್ದಲ್ಲ. ಭಾರತದಲ್ಲಿ ಆ ರೋಗವನ್ನು ಮೊದಲು ಗುರುತಿಸಿದ್ದು 1952ರಲ್ಲಿ, ಇದೇ ತಮಿಳುನಾಡಿನ ನೀಲಗಿರಿಯ ಬುಡಕಟ್ಟು ಜನರಲ್ಲಿ. ಬೆಟ್ಟದ ಆಚೆ ಚಾಮರಾಜನಗರದ ಕಾಡುಗಳಲ್ಲಿಯೂ ಅದು ಇದೆ. ರಾಜ್ಯಗಳ ಗಡಿ ರಕ್ತಕ್ಕೆ ಗೊತ್ತಿಲ್ಲ. ರಕ್ತಕಣಗಳು ಕುಡುಗೋಲಿನಾಕಾರಕ್ಕೆ ತಿರುಗಿ ನಾಳಗಳನ್ನು ಕಟ್ಟಿದಾಗ ಬರುವ ನೋವು ಅತಿ ಭೀಕರ. ಆ ರೋಗದ ನಿರ್ಮೂಲನಕ್ಕೆ ರಾಷ್ಟ್ರಮಟ್ಟದ ಅಭಿಯಾನ ಆರಂಭವಾದುದು 2023ರ ಜುಲೈ 1ರಂದು, ಅಂದರೆ ಗುರುತಿಸಿದ ಎಪ್ಪತ್ತೊಂದು ವರ್ಷಗಳ ಮೇಲೆ. ದನಿಯಿಲ್ಲದವರ ನೋವು ಎಷ್ಟು ಕಾಲ ಕಾಯಬೇಕಾಗುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹೊರನಾಡ ಸಂಘಗಳು ಇಲ್ಲಿ ಮಾಡಬಹುದಾದುದು ಏನು? ದೊಡ್ಡ ನಿಧಿಯೂ ಕಟ್ಟಡವೂ ಇದಕ್ಕೆ ಬೇಕಿಲ್ಲ. ಆಸ್ಪತ್ರೆಗೆ ಜೊತೆಗೆ ಹೋಗಬಲ್ಲ, ತಮಿಳು ಚೆನ್ನಾಗಿ ಬಲ್ಲ ಐದಾರು ನಿವೃತ್ತರ ಪಟ್ಟಿಯೊಂದು ಸಾಕು. ಸೆಂಟ್ರಲ್ ನಿಲ್ದಾಣದೆದುರಿನ ರಾಜೀವ್ ಗಾಂಧಿ ಸರಕಾರಿ ಆಸ್ಪತ್ರೆಯಲ್ಲಿ, 1835ರಿಂದ ಬಂದ ಮದರಾಸು ವೈದ್ಯಕೀಯ ಕಾಲೇಜಿನ ಸಂಧಿವಾತ ವಿಭಾಗವಿದೆಯೆಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಮೂರು ತಿಂಗಳಿಗೊಮ್ಮೆ ಇಂಥ ಪಾಲಕರು ಕೂಡಿ ಮಾತಾಡಲು ಒಂದು ಭಾನುವಾರದ ಮಧ್ಯಾಹ್ನ, ಹೆತ್ತವರಿಲ್ಲದೆ ಮಕ್ಕಳೇ ಕೂಡಲು ಮತ್ತೊಂದು. ಮೂರು ತಾಸಿನ ಕಾರ್ಯಕ್ರಮಕ್ಕೆ ಒರಗು ಇಲ್ಲದ ಕುರ್ಚಿ ಹಾಕದಿರುವುದು, ಮಧ್ಯೆ ಎದ್ದು ಹೋದವರನ್ನು ಅಸಭ್ಯರೆಂದು ನೋಡದಿರುವುದು. ಈ ಮಕ್ಕಳನ್ನು ವೇದಿಕೆಗೆ ಕರೆದು ಶಾಲು ಹೊದಿಸಿ ‘ಧೀರರು’ ಎನ್ನುವುದು ಖಂಡಿತ ಬೇಡ. ಅವರಿಗೆ ಬೇಕಾದುದು ಸನ್ಮಾನವಲ್ಲ, ಕೆಲಸ: ಮನೆಯಿಂದಲೇ ಪತ್ರಿಕೆಯ ಕರಡು ತಿದ್ದುವುದು, ಲೆಕ್ಕ ಬರೆಯುವುದು, ತರಗತಿ ನಡೆಸುವುದು. ಅವರ ಹೊತ್ತಿಗೆ ನಮ್ಮ ಕೆಲಸ ಹೊಂದಿಕೊಳ್ಳಲಿ. ಜೊತೆಗೆ ಎಲ್ಲ ಹೊರನಾಡ ಸಂಘಗಳೂ ಸೇರಿ, ದೀರ್ಘಕಾಲದ ನೋವನ್ನು ಅಳೆದು ಪ್ರಮಾಣೀಕರಿಸುವ ಕ್ರಮವೊಂದನ್ನು ರೂಪಿಸಬೇಕೆಂದು ಕೇಂದ್ರ ಸರಕಾರಕ್ಕೆ ಮನವಿ ಸಲ್ಲಿಸಬೇಕು. ಭಾಷೆಯ ಹಕ್ಕಿಗಾಗಿ ಸಹಿ ಸಂಗ್ರಹಿಸಿದ ಅನುಭವ ನಮಗಿದೆ; ಅದನ್ನು ಇಲ್ಲಿಯೂ ಬಳಸೋಣ.

ನಮ್ಮ ನಂತರ ಈ ಮಕ್ಕಳಿಗೆ ಯಾರು ಎಂಬ ಪ್ರಶ್ನೆ ಹೆತ್ತವರನ್ನು ರಾತ್ರಿ ಎಚ್ಚರವಾಗಿಡುತ್ತದೆ. ಅದಕ್ಕೆ ಸಿದ್ಧ ಉತ್ತರ ಯಾರಲ್ಲಿಯೂ ಇಲ್ಲ. ಆದರೆ ನೋವನ್ನು ಬಚ್ಚಿಟ್ಟು ಬೆಳೆದವನಿಗೆ ನಾಳೆ ಕೈಹಿಡಿಯುವವರು ಸಿಗುವುದು ಕಷ್ಟ. ತನ್ನ ನೋವನ್ನು ತಾನೇ ಹೆಸರಿಟ್ಟು ಹೇಳಬಲ್ಲವನಿಗೆ, ಏನು ಬೇಕೆಂದು ಕೇಳಬಲ್ಲವನಿಗೆ ಜನ ಒದಗುತ್ತಾರೆ. ಆ ಶಕ್ತಿಯನ್ನು ಕೊಡುವುದೇ ಹೆತ್ತವರು ಬಿಟ್ಟುಹೋಗಬಹುದಾದ ದೊಡ್ಡ ಆಸ್ತಿ. ಅದು ಆರಂಭವಾಗುವುದು ಮಗ ಅಥವಾ ಮಗಳು ‘ನೋಯುತ್ತಿದೆ’ ಎಂದಾಗ, ‘ಎಲ್ಲಿ, ಹೇಗೆ, ಎಂದಿನಿಂದ’ ಎಂದು ಸಮಾಧಾನದಿಂದ ಕೇಳಿ, ಹೇಳಿದುದನ್ನು ನಂಬಿ, ಆಮೇಲೆ ‘ಈಗ ಏನು ಮಾಡೋಣ ಹೇಳು’ ಎಂದು ತೀರ್ಮಾನವನ್ನು ಅವರಿಗೇ ಬಿಡುವುದರಲ್ಲಿ. ಈ ವಿಷಯದಲ್ಲಿ ಓದುಗರ, ಅದರಲ್ಲಿಯೂ ತರುಣ ಓದುಗರ ಪತ್ರಗಳಿಗೆ ಮುಂದಿನ ಸಂಚಿಕೆಯ ಪುಟಗಳನ್ನು ಕಾದಿರಿಸಿದ್ದೇವೆ. ಬಯಸಿದವರ ಹೆಸರನ್ನು ಗುಟ್ಟಾಗಿಡಲಾಗುವುದು.